ಲೂವೆನ್ ಪುಸ್ತಕಭಂಡಾರದ ದಹನ

1839ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಾದ ಕರಾರಿನಂತೆ ಬೆಲ್ಜಿಯಂ ದೇಶವು ಸದಾ ತಟಸ್ಥವಾಗಿರತಕ್ಕದ್ದೆಂದು ಯೂರೋಪಿನ ಮಹಾರಾಜ್ಯಗಳು ರುಜು ಹಾಕಿದ್ದುವು, ಪ್ರಷ್ಯವೂ ಅವುಗಳಲ್ಲೊಂದು. ಹೀಗಿದ್ದೂ 1914ನೆಯ ಆಗಸ್ಟ್ 4ನೆಯ ತಾರೀಖು ಜರ್ಮನ್ ಸೇನೆಯು ಆ ಗಡಿಯನ್ನು ದಾಟಿತು. ಫ್ರಾನ್ಸಿನ ಪೂರ್ವದ ಗಡಿಯಲ್ಲಿ ಕೋಟೆಗಳ ಸಾಲಿದ್ದುದರಿಂದ, ಅದನ್ನು ಬಳಸಿ ಉತ್ತರದಿಂದ ಇಳಿಯಬೇಕೆಂಬುದು ಸೇನಾನಿಗಳ ಹಂಚಿಕೆ. ದುರ್ಬಲನ ಹೊಲವು ನಡುವೆ ಬಿದ್ದರೆ ಬಲಿಷ್ಠನಿಗೆ ಅದು ದಾರಿಯೇ ಸರಿ. ಲಿಯೇಜ್ ಪಟ್ಟಣದ ದುರ್ಗಗಳು ಭಾರಿ ಫಿರಂಗಿಗಳಿಗೆ ಸಿಕ್ಕಿ ಬಿದ್ದುವು. 19ರಂದು ಸೈನ್ಯವು ಲೂವೆನ್ ಪಟ್ಟಣವನ್ನು ಹೊಕ್ಕಿತು.

ಯುದ್ಧದ ಮಿಕ್ಕ ಸಂಗತಿಗಳನ್ನು ವಾಚಕರು ಬಲ್ಲರು. ನಾನು ಹೇಳಹೊರಟಿರುವುದು ಈ ಊರೊಂದರ ಮಾತು. ಅಲ್ಲಿಯ ವಿದ್ಯಾಪೀಠವು 1425ರಲ್ಲಿ ಸ್ಥಾಪಿತವಾದುದು. ಎರಾಸ್ಮಸ್ ಪಂಡಿತನು ಕೆಲಕಾಲ ವಾಸವಾಗಿದ್ದ ಸ್ಥಳ. ಪೂರ್ವಕಾಲದ ಬಟ್ಟೆಯ ವರ್ತಕರ ಸಭಾಗೃಹದಲ್ಲಿ ಅದರ ಪುಸ್ತಕಭಂಡಾರವಿದ್ದಿತು. ಆಗಸ್ಟ್ 25ರ ಸಂಜೆ ಊರಿನಲ್ಲಿ ಗುಂಡಿನ ಸದ್ದಾಯಿತು. ಊರವರೇ ಮರೆಯಿಂದ ಹೊಡೆದರೆಂದು ಜರ್ಮನರು ಆಪಾದಿಸಿದರು. ಅದಕ್ಕೆ ಆಧಾರವು ದೊರೆತಿಲ್ಲ. ದಿಗಿಲುಗೊಂಡ ಸೈನಿಕರು ತಮ್ಮವರ ಮೇಲೆಯೇ ಹೊಡೆದಿರಬೇಕೆಂದು ಇತಿಹಾಸಜ್ಞರ ಅಭಿಪ್ರಾಯ. ಆದರೆ ಶಿಕ್ಷೆಯು ವಿಚಾರಣೆಗಾಗಿ ಕಾಯಲಿಲ್ಲ. 248 ಮಂದಿ ಪೌರರು ಹತರಾದರು. 1,500ರಷ್ಟು ಜನರನ್ನು ಸೆರೆಹಿಡಿದು ಜರ್ಮನಿಗೆ ಸಾಗಿಸಿದರು. ಭಂಡಾರಕ್ಕೆ ಬೆಂಕಿಯಿಟ್ಟರು. 2 ಲಕ್ಷಕ್ಕೂ ಮೇಲ್ಪಟ್ಟ ಗ್ರಂಥಗಳೂ ನೂರಾರು ಹಸ್ತಪ್ರತಿಗಳೂ ಉರಿದುಹೋದುವು. ಅಚ್ಚಿನ ಪುಸ್ತಕವಾದರೆ ಮತ್ತೊಂದೂರಿನಲ್ಲಿ ಸಿಕ್ಕೀತು. ಕೈಬರಹದ ಒಂಟಿ ಪ್ರತಿ ಹೋದರೆ ಏನು ಹೋಯಿತೆಂಬುದನ್ನು ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನೋಡಿದವರಿಗೆ ವಿವರಿಸಬೇಕಾದುದಿಲ್ಲ.

ಇದಕ್ಕಿಂತಲೂ ನನ್ನನ್ನು ನೋಯಿಸುವುದು ಮುಂದಿನ ಸಂಗತಿ. ಅಕ್ಟೋಬರಿನಲ್ಲಿ 93 ಮಂದಿ ಜರ್ಮನ್ ವಿದ್ವಾಂಸರೂ ಕಲಾವಿದರೂ ಪ್ರಕಟನೆಯೊಂದನ್ನು ಹೊರಡಿಸಿ, ಲೂವೆನಿನಲ್ಲಿ ತಮ್ಮ ಸೈನ್ಯವು ಕ್ರೌರ್ಯವೆಸಗಿತೆಂಬುದು ಸುಳ್ಳೆಂದು ಸಾರಿದರು. ಭೌತಶಾಸ್ತ್ರಜ್ಞ ಮ್ಯಾಕ್ಸ್ ಪ್ಲಾಂಕ್, ಎಕ್ಸ್ ಕಿರಣಗಳನ್ನು ಕಂಡುಹಿಡಿದ ರಾಂಟ್‌ಜೆನ್, ಗ್ರೀಕ್ ಭಾಷೆಯ ಮಹಾಪಂಡಿತ ವಿಲಮೋವಿಟ್ಸ್ ಮೊದಲಾದವರ ಹೆಸರುಗಳು ಅದರ ಕೆಳಗಿದ್ದುವು. ಕೆಲವರು ಬರಹವನ್ನೇ ಓದಿರಲಿಲ್ಲವಂತೆ! ಸಂಸ್ಕೃತವನ್ನು ಓದಿದ ನಾವು ಬೋಟ್ಲಿಂಕ್, ರೋಟ್ ಇವರ ಕೋಶವನ್ನು ತಲೆಯ ಮೇಲಿಟ್ಟುಕೊಂಡವರು. 1894ರಲ್ಲಿ ನಮ್ಮ ನುಡಿಗೆ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರೂ ಜರ್ಮನರೇ. ಒಂದಕ್ಷರದ ಪಾಠಾಂತರಕ್ಕಾಗಿ ಹತ್ತು ಪ್ರತಿಗಳನ್ನು ತಿರುವುವ ಪಂಡಿತಪರಂಪರೆಯವರು, ಊರೊಂದರ ಸಾವಿನ ವಿಷಯದಲ್ಲಿ ಹೀಗೆ ರುಜು ಹಾಕಿದರಲ್ಲ! ಪ್ಲಾಂಕನು 1916ರಲ್ಲಿ ಬಹಿರಂಗಪತ್ರವೊಂದರಲ್ಲಿ ಆ ಮಾತನ್ನು ಸಡಿಲಿಸಿದನೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ವರ್ಸೇಲ್ಸ್ ಸಂಧಿಯ 247ನೆಯ ವಿಧಿಯು ಸುಟ್ಟ ಗ್ರಂಥಗಳಿಗೆ ಬದಲು ಗ್ರಂಥಗಳನ್ನು ಕೊಡುವಂತೆ ಜರ್ಮನಿಯನ್ನು ಕಟ್ಟುಮಾಡಿತು. ಅಮೆರಿಕನ್ನರ ದ್ರವ್ಯದಿಂದ ಎದ್ದ ಹೊಸ ಕಟ್ಟಡವು 1928ನೆಯ ಜುಲೈ 4ರಂದು ತೆರೆಯಿತು. ಜರ್ಮನರ ಕ್ರೋಧದಿಂದ ನಾಶವಾದುದೆಂಬ ಅರ್ಥದ ಲ್ಯಾಟಿನ್ ಶಾಸನವನ್ನು ಅದರ ಮೇಲೆ ಕೆತ್ತಿಸಬೇಕೆಂದು ವಾಸ್ತುಶಿಲ್ಪಿ ವಾರೆನ್ ಹಟಹಿಡಿದನು. ವಿದ್ಯಾಪೀಠದ ಅಧಿಪತಿ ಲಾಡೂಸ್ ಒಪ್ಪಲಿಲ್ಲ. ಆ ವಿವೇಕವು ನನಗೆ ಮೆಚ್ಚು.

1940ನೆಯ ಮೇ 10ರಂದು ಜರ್ಮನರು ಮತ್ತೆ ಬಂದರು, ಈ ಸಲ ಹಾಲೆಂಡನ್ನೂ ತುಳಿದು. ಒಂದು ವಾರದಲ್ಲಿ ಭಂಡಾರವು ಪುನಃ ಉರಿಯಿತು. 9 ಲಕ್ಷದಷ್ಟು ಪುಸ್ತಕಗಳು ಬೂದಿಯಾದುವು. ಜರ್ಮನಿಯೇ ಹಿಂದೆ ದಂಡವಾಗಿ ತೆತ್ತ ಗ್ರಂಥಗಳೂ ಅವುಗಳಲ್ಲಿದ್ದುವು.