ಒಂದೋ, ಎರಡೋ?

ಬಾಳೆಲ್ಲ ಛಂದಸ್ಸಿನ ಪಾಠ ಹೇಳಿದ ನನಗೆ ಕಾರಿನ ಎಂಜಿನ್ನಿನ ಚರಿತ್ರೆಯಲ್ಲೇನು ಕೆಲಸವೆಂದು ನೀವು ಕೇಳಬಹುದು. ಅಲ್ಲಿಯೂ ಪ್ರಶ್ನೆ ಕಾಲಮಾತ್ರೆಯದೇ.

ಎಂಜಿನ್ನು ಹೊರಬಿಡುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ, ಅದರ ಬಲದಿಂದ ಹೆಚ್ಚಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುವ ಯಂತ್ರವೇ ಟರ್ಬೋ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. 1974ರಲ್ಲಿ ಜರ್ಮನಿಯ ಪೋರ್ಷೆ ಸಂಸ್ಥೆಯು ತನ್ನ 911 ಕಾರಿಗೆ ಒಂದೇ ದೊಡ್ಡ ಟರ್ಬೋ ಜೋಡಿಸಿ, 3 ಲೀಟರ್ ಎಂಜಿನ್ನಿನಿಂದ 260 ಅಶ್ವಶಕ್ತಿ ಪಡೆಯಿತು. ರಚನೆಯೇನೋ ಸರಳ, ಆದರೆ ಭಾರವಾದ ಆ ಚಕ್ರ ವೇಗ ಗಳಿಸಲು ತಡವಾಗುತ್ತಿತ್ತು. ತಿರುವಿನಲ್ಲಿ ಚಾಲಕನು ಬೇಡಿದ ಶಕ್ತಿ ಕೊಂಚ ತಡೆದು, ಒಮ್ಮೆಗೇ ನುಗ್ಗಿ ಬರುತ್ತಿತ್ತು. ಹಿಂಚಕ್ರಗಳು ಜಾರಿದರೆ ಪ್ರಾಣಕ್ಕೇ ಸಂಚಕಾರ.

1986ರ 959 ಕಾರಿನಲ್ಲಿ ಎರಡು ಟರ್ಬೋಗಳು ಬಂದವು. ನಿಧಾನದಲ್ಲಿ ಒಂದೇ ದುಡಿಯುವುದು; ಎಂಜಿನ್ನಿನ ವೇಗ ಏರಿದಾಗ ಇನ್ನೊಂದು ಕೈಗೂಡಿಸುವುದು. 1995ರ 911 ಟರ್ಬೋದಲ್ಲಿ ಎಂಜಿನ್ನಿನ ಒಂದೊಂದು ಪಕ್ಕದ ಮೂರು ಸಿಲಿಂಡರುಗಳಿಗೆ ಒಂದೊಂದು ಚಿಕ್ಕ ಟರ್ಬೋ. ಒಟ್ಟು 408 ಅಶ್ವಶಕ್ತಿ. ಹಗುರವಾದ ಚಕ್ರಗಳು ಬೇಗ ತಿರುಗಿದವು. ಕೊಳವೆಗಳ ಗೋಜಲು ಮಾತ್ರ ಹೆಚ್ಚಿತು.

ಹಾಗಾದರೆ ಎರಡೇ ಮೇಲೆಂದು ತೀರ್ಮಾನಿಸೋಣವೇ? 2024ರಲ್ಲಿ ಅದೇ ಸಂಸ್ಥೆ 911 ಜಿಟಿಎಸ್ ಮಾದರಿಯಲ್ಲಿ ಎರಡನ್ನು ಬಿಟ್ಟು, ವಿದ್ಯುತ್ ಮೋಟಾರಿನ ನೆರವುಳ್ಳ ಒಂದೇ ಟರ್ಬೋವನ್ನು ಇರಿಸಿತು.

ಈ ಚರಿತ್ರೆಯಿಂದ ನಾನು ತಿಳಿದದ್ದು ಇಷ್ಟು: ಎಷ್ಟು ಟರ್ಬೋ ಎಂಬುದು ಎರಡನೆಯ ಪ್ರಶ್ನೆ, ಕರೆದ ಕ್ಷಣಕ್ಕೆ ಬಲವು ಓಗೊಡುವುದೇ ಎಂಬುದು ಮೊದಲನೆಯದು. ಮಾತ್ರೆ ತಪ್ಪಿದರೆ ಪದ್ಯವೂ ಕೆಡುತ್ತದೆ, ಪಯಣವೂ ಕೆಡುತ್ತದೆ.