ರುದ್ರಿಯ ನೆಲ ಮತ್ತು ಉಮಾಶ್ರೀ ಅವರ ಅಭಿನಯ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ಹರಿದಾಸರ ನೆಲೆಯೆಂದೇ ಪ್ರಸಿದ್ಧವಾದುದು. ದೇವದುರ್ಗ ಸೀಮೆಯ ಮೊಸರಕಲ್ಲು ಗೋಪಾಲದಾಸರಿಗೂ ಮಾನ್ವಿ ಸೀಮೆಯ ಚೀಕಲಪರ್ವಿ ವಿಜಯದಾಸರಿಗೂ ಜನ್ಮವಿತ್ತವು. ಇದೇ ನೆಲದ ದುಡಿಯುವ ಜನರ ನಂಬಿಕೆ, ನೋವುಗಳು ಆಧುನಿಕ ಸಾಹಿತ್ಯವನ್ನು ಪ್ರವೇಶಿಸಿದ್ದು ತಡವಾಗಿ. ರಾಯಚೂರು ಜಿಲ್ಲೆಯ ಕಥೆಗಾರ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ಅವರು ನಿರ್ದೇಶಿಸಿದ ‘ಕನಸೆಂಬ ಕುದುರೆಯನೇರಿ’ (2010) ಚಿತ್ರದಲ್ಲಿ ಆ ಬದುಕು ತೆರೆಯ ಮೇಲೆ ಮೂಡಿತು. ಗೋರಿ ತೋಡುವ ಈರ್ಯನಾಗಿ ವೈಜನಾಥ ಬಿರಾದಾರ, ಅವನ ಹೆಂಡತಿ ರುದ್ರಿಯಾಗಿ ಉಮಾಶ್ರೀ ಅಭಿನಯಿಸಿದರು. ಚಿತ್ರವು ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲಿ ಸಾವು ನಿಶ್ಚಿತವೆಂಬುದು ಈ ದಂಪತಿಗಳ ನಂಬಿಕೆ. ಆದರೆ ದೊಡ್ಡಮನೆಯವರು ಗೌಡನ ಸಾವನ್ನು ಮುಚ್ಚಿಡುತ್ತಾರೆ. ನಿಜವಾದ ಕನಸು ಸುಳ್ಳೆನಿಸಿಕೊಳ್ಳುತ್ತದೆ. ಕುಣಿ ತೋಡಿಯೇ ಉಣ್ಣಬೇಕಾದವರಿಗೆ ಇದು ಕೇವಲ ಶ್ರದ್ಧೆಯ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆಯೂ ಹೌದು. ಜನಪದ ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವವರು ಗಮನಿಸದ ಅಂಶವಿದು.

ರುದ್ರಿಯ ಪಾತ್ರ ಉಮಾಶ್ರೀ ಅವರಿಗೆ ಆಕಸ್ಮಿಕವಾಗಿ ಒದಗಿದುದಲ್ಲ. 1957ರಲ್ಲಿ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ ಜನಿಸಿದ ಅವರು ರಂಗಭೂಮಿಯಲ್ಲಿ ಪಳಗಿದವರು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ.ಕೆ. ರಂಗಕ್ಕೆ ತಂದಾಗ, ಕಳೆದುಹೋದ ಹುಂಜವನ್ನು ಅರಸುವ ಮುದುಕಿ ಸಾಕವ್ವನ ಪಾತ್ರವನ್ನು ಯೌವನದಲ್ಲಿಯೇ ನಿರ್ವಹಿಸಿ ಹೆಸರಾದರು. ಕಾಶೀನಾಥ್ ನಿರ್ದೇಶನದ ‘ಅನುಭವ’ (1984) ಚಿತ್ರರಂಗದಲ್ಲಿ ಅವರಿಗೆ ಜನಪ್ರಿಯತೆ ತಂದಿತು. ಆದರೆ ಅದೇ ಜನಪ್ರಿಯತೆ ಅವರನ್ನು ಬಹುಕಾಲ ಹಾಸ್ಯಪಾತ್ರಗಳ ಚೌಕಟ್ಟಿನಲ್ಲಿ ಕಟ್ಟಿಹಾಕಿತು. ಹಳ್ಳಿಯ ಹೆಣ್ಣಿನ ನುಡಿ ಜನಪ್ರಿಯ ಸಿನಿಮಾದಲ್ಲಿ ನಗೆಯ ಸಾಮಗ್ರಿಯಾಗಿತ್ತು. ಕುಂ. ವೀರಭದ್ರಪ್ಪ ಅವರ ಕಥೆಯನ್ನು ಆಧರಿಸಿದ ‘ಕೊಟ್ರೇಶಿ ಕನಸು’ (1994) ಈ ಚೌಕಟ್ಟನ್ನು ಸಡಿಲಿಸಿತು. ವೈದೇಹಿ ಅವರ ಕಥೆಯಿಂದ ರೂಪುಗೊಂಡ ‘ಗುಲಾಬಿ ಟಾಕೀಸ್’ನ ಸೂಲಗಿತ್ತಿ ಗುಲಾಬಿಯ ಪಾತ್ರ ಅವರಿಗೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು.

2013ರಲ್ಲಿ ತೇರದಾಳದಿಂದ ವಿಧಾನಸಭೆಗೆ ಆಯ್ಕೆಯಾಗಿ ಸಚಿವೆಯಾಗಿ ಕಾರ್ಯನಿರ್ವಹಿಸಿದ ಬಳಿಕ, 2021ರ ಡಿಸೆಂಬರ್‌ನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಮೂಲಕ ಅವರು ಮನೆಮನೆಗೆ ತಲುಪಿದರು. ಗಂಡನಿಂದ ದೂರವಾಗಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನೂ ದುಡಿದು ಉಣ್ಣುವವಳೇ.

ಸಾಕವ್ವ ಮೈಸೂರು ಸೀಮೆಯವಳು, ಗುಲಾಬಿ ಕರಾವಳಿಯವಳು, ರುದ್ರಿ ಬಯಲುನಾಡಿನವಳು. ಮೂವರ ಮಾತಿನ ಲಯವೂ ಮೈಯ ನಡೆಯೂ ಬೇರೆ ಬೇರೆ. ಮೂವರ ಹಸಿವು ಒಂದೇ. ನಗಿಸಲು ಬಳಕೆಯಾಗುತ್ತಿದ್ದ ನುಡಿಗೆ ಉಮಾಶ್ರೀ ಈ ಪಾತ್ರಗಳ ಮೂಲಕ ಘನತೆಯನ್ನು ಮರಳಿ ದೊರಕಿಸಿದರು. ಎಡೆದೊರೆ ನಾಡಿನ ಮಟ್ಟಿಗೆ ಹೇಳುವುದಾದರೆ, ಶಾಸನ, ಕೀರ್ತನೆಗಳು ದಾಖಲಿಸದ ಹೆಣ್ಣೊಬ್ಬಳ ದನಿ ರುದ್ರಿಯ ರೂಪದಲ್ಲಿ ಉಳಿಯಿತು. ಅವರ ಕಲಾಜೀವನದ ಚಾರಿತ್ರಿಕ ಮಹತ್ವವೂ ಇದರಲ್ಲಿಯೇ ಅಡಗಿದೆ.