‘ಏಲಿಯನ್’ ಚಿತ್ರದ ಆರಂಭ ಶೀರ್ಷಿಕೆ
1979. 35 ಮಿ.ಮೀ. ಫಿಲ್ಮ್. ವಿನ್ಯಾಸ: ರಿಚರ್ಡ್ ಗ್ರೀನ್‌ಬರ್ಗ್, ನ್ಯೂಯಾರ್ಕ್. ಚಿತ್ರದ ನಿರ್ದೇಶಕ: ರಿಡ್ಲಿ ಸ್ಕಾಟ್

ಕಗ್ಗತ್ತಲ ಬಾಹ್ಯಾಕಾಶದಲ್ಲಿ ಬಳೆ ತೊಟ್ಟ ಗ್ರಹವೊಂದು ನಿಧಾನವಾಗಿ ಹಾದುಹೋಗುತ್ತದೆ. ಪರದೆಯ ಮೇಲ್ತುದಿಯಲ್ಲಿ ಬಿಳಿ ಗೀಟುಗಳು ಒಂದೊಂದಾಗಿ ಮೂಡುತ್ತವೆ. ಅವು ಅಕ್ಷರಗಳೆಂಬುದೇ ಮೊದಲು ಹೊಳೆಯುವುದಿಲ್ಲ. ಐದೇ ಇಂಗ್ಲಿಷ್ ಅಕ್ಷರ ಪೂರ್ಣವಾಗಲು ನಿಮಿಷಕ್ಕೂ ಹೆಚ್ಚು ಹೊತ್ತು!

ಅಕ್ಷರಗಳ ನಡುವಿನ ಅಂತರವನ್ನು ಗಮನಿಸಿ. ಪರದೆಯ ಉದ್ದಕ್ಕೂ ಅವು ದೂರದೂರ ನಿಂತಿವೆ. ಕಣ್ಣು ಪದವನ್ನು ಕೂಡಿಸಿಕೊಳ್ಳಲು ತಡಕಾಡುತ್ತದೆ. ಗೊತ್ತಿಲ್ಲದ್ದೇನೋ ರೂಪ ತಳೆಯುತ್ತಿದೆ ಎಂಬ ಅಳುಕು ಹುಟ್ಟುವುದು ಅಲ್ಲೇ. ರಕ್ತವಿಲ್ಲ, ಚೀತ್ಕಾರವಿಲ್ಲ, ಕೋರೆಹಲ್ಲೂ ಇಲ್ಲ. ಜೆರ್ರಿ ಗೋಲ್ಡ್‌ಸ್ಮಿತ್ ಅವರ ತಣ್ಣನೆಯ ಸಂಗೀತ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಹಿಂದಿನ ವರ್ಷವಷ್ಟೇ ‘ಸೂಪರ್‌ಮ್ಯಾನ್’ಗಾಗಿ ಆಕಾಶದಲ್ಲಿ ಅಬ್ಬರದಿಂದ ಹಾರುವ ಹೆಸರುಗಳನ್ನು ರೂಪಿಸಿದ್ದೂ ಗ್ರೀನ್‌ಬರ್ಗ್ ಸಂಸ್ಥೆಯೇ.